ಪಾಲು ಪಟ್ಟಿಯ ವಿಷಯ, ಅಪ್ಪಯ್ಯನಿಗೆ

ಚಾಪೆಲ್ ಹಿಲ್, ನಾರ್ತ್ ಕ್ಯಾರೊಲಿನಾ

ತೀರ್ಥರೂಪು ಅಪ್ಪಯ್ಯನಿಗೆ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ಅಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಅಮ್ಮನ ಮಂಡಿಗೆ ಎಣ್ಣೆ ತಿಕ್ಕಿದ್ದು ಸಾಕು, ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತೋರಿಸಿ.

ನಿಮ್ಮ ಕಾಗದ ಬಂತು. ತೋಟ ಪಾಲು ಮಾಡುವ ವಿಷಯ ಉದ್ದಕ್ಕೆ ಬರೆದು, ಕೊನೆಗೆ "ನೀನು ತಲೆ ಕೆಡಿಸಿಕೊಳ್ಳಬೇಡ" ಎಂದಿದ್ದೀರಿ. ಕೆಡದೆ ಇರುತ್ತದಾ? ಅದೂ ಬೇರೆಯವರ ಮನೆಯ ಪಾಲು ಪಟ್ಟಿ ಓದುವುದೇ ನನ್ನ ಕೆಲಸವಾಗಿರುವಾಗ.

"ಹಳೇ ಕಾಗದ ಓದಲು ಅಮೆರಿಕಕ್ಕೇ ಹೋಗಬೇಕಿತ್ತಾ, ನಮ್ಮ ಅಟ್ಟದ ಮೇಲೆ ಟ್ರಂಕ್ ಇದೆಯಲ್ಲ" ಅಂತ ಅಣ್ಣ ಚುಚ್ಚುತ್ತಾನೆ. ಇಲ್ಲಿನವೂ ಅಟ್ಟದಿಂದಲೇ ಬಂದವು ಎಂದು ಹೇಳಿ ಅವನಿಗೆ. 1930ರಲ್ಲಿ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಹಳೇ ಕಾಗದಗಳ ಈ ಸಂಗ್ರಹ ಶುರುವಾಯಿತು. ಹ್ಯಾಮಿಲ್ಟನ್ ಎಂಬ ಇತಿಹಾಸದ ಪ್ರೊಫೆಸರ್ ಕಾರಿನಲ್ಲಿ ದಕ್ಷಿಣದ ರಾಜ್ಯಗಳನ್ನೆಲ್ಲ ಸುತ್ತಿ, ಹಳೇ ಜಮೀನ್ದಾರರ ದೊಡ್ಡ ಮನೆಗಳ ಅಟ್ಟ ಜಾಲಾಡಿ ಪೆಟ್ಟಿಗೆಗಟ್ಟಲೆ ತಂದರು. ಅವನ್ನು ಓದುವ ಕೋಣೆಯೊಳಗೆ ಬ್ಯಾಗ್ ಒಯ್ಯುವಂತಿಲ್ಲ. ಪೆನ್ನೂ ಇಲ್ಲ, ಪೆನ್ಸಿಲ್ ಮಾತ್ರ. ನಿಮಗೆ ಈ ಶಿಸ್ತು ಹಿಡಿಸುತ್ತಿತ್ತು.

1845ರವರೆಗೆ ಇಲ್ಲಿ ಅಂಚೆಗೆ ಹಾಳೆ ಎಷ್ಟು, ದೂರ ಎಷ್ಟು ಅಂತ ಲೆಕ್ಕ ಹಾಕಿ ದುಡ್ಡು ಕೇಳುತ್ತಿದ್ದರು. ಹಾಗಾಗಿ ಪುಟ ತುಂಬಿದ ಮೇಲೆ ಅದನ್ನೇ ತಿರುಗಿಸಿ, ಬರೆದದ್ದರ ಮೇಲೆಯೇ ಅಡ್ಡಡ್ಡ ಬರೆಯುವುದು. ಅಜ್ಜಿ ಇನ್‌ಲ್ಯಾಂಡ್ ಲೆಟರಿನ ಅಂಟಿಸುವ ಅಂಚಿನಲ್ಲೂ ಬರೆಯುತ್ತಿದ್ದರಲ್ಲ, ಹಾಗೇ. ಕಣ್ಣು ಸೋಲುತ್ತದೆ. (ಕನ್ನಡಕ ಬದಲಿಸಿದ್ದೇನೆ, ಅಮ್ಮನಿಗೆ ಚಿಂತೆ ಬೇಡ.)

ಕಾಗದದಲ್ಲಿ ಇರುವುದೇನು? ಮೊದಲು ಯಾರಿಗೆ ಜ್ವರ ಅಂತ. ಆಮೇಲೆ ಹತ್ತಿ ರೇಟು. ಯಾರ ಮಗಳಿಗೆ ಯಾವ ಮನೆತನದ ಗಂಡು. ಚುನಾವಣೆ. ನಡುವೆ, ಅದೇ ಶಾಯಿಯಲ್ಲಿ, ಅಪ್ಪ ತೀರಿಕೊಂಡ ಮೇಲಿನ ಪಾಲು. ಪಾಲಿಗೆ ಬಂದದ್ದು ನೆಲ ಮಾತ್ರ ಅಲ್ಲ ಅಪ್ಪಯ್ಯ, ಮನುಷ್ಯರು. ಗುಲಾಮರ ಹೆಸರು, ವಯಸ್ಸು, ಎದುರಿಗೆ ಡಾಲರ್ ಬೆಲೆ. ಯಾರಿಗೂ ಹೆಚ್ಚುಕಡಿಮೆ ಆಗಬಾರದಲ್ಲ, ಅದಕ್ಕೆ ಬೆಲೆ ಸಮ ಮಾಡಿ ಗುಂಪು ಕಟ್ಟಿ ಚೀಟಿ ಎತ್ತುವುದು. ಗುಂಪಿನ ಬೆಲೆ ಜಾಸ್ತಿ ಬಂದವನು ತಮ್ಮನಿಗೆ ನಗದು ಕೊಟ್ಟು ಸರಿ ಮಾಡಬೇಕು. ಹಸುಗೂಸು ಇದ್ದರೆ ತಾಯಿಯ ಹೆಸರಿನ ಪಕ್ಕ "ಮತ್ತು ಮಗು" ಅಂತ ಸೇರಿಸಿ ಒಂದೇ ಬೆಲೆ. ದುಡಿಯಲಾಗದ ಮುದುಕಿಯ ಎದುರಿಗೆ ಸೊನ್ನೆ. ಗಂಡ ಒಬ್ಬ ಅಣ್ಣನ ಪಾಲಿಗೆ, ಹೆಂಡತಿ ಇನ್ನೊಬ್ಬನ ಪಾಲಿಗೆ ಹೋದರೆ ಕೇಳುವ ಕೋರ್ಟಿಲ್ಲ, ಅವರ ಮದುವೆಯನ್ನೇ ಕಾನೂನು ಒಪ್ಪುತ್ತಿರಲಿಲ್ಲ. ಅಕ್ಷರವೇ ಸುಂದರವಾಗಿದೆ ಆ ಪಟ್ಟಿಗಳಲ್ಲಿ. ಅದನ್ನು ಕಂಡರೇ ನನಗೆ ಸಿಟ್ಟು.

ಇನ್ನು ನಮ್ಮ ವಿಷಯ. ಅಕ್ಕನಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸೋಣ, ಅವಳ ಪಾಲು ಭಾವನ ಸಾಲಕ್ಕೆ ನೀರಾಗುತ್ತದೆ ಅಂತ ಅಣ್ಣ ಹೇಳಿದನಂತೆ. ಓದಿ ನಗು ಬಂತು. ಇಲ್ಲಿನ ಅಪ್ಪಂದಿರಿಗೂ ಇದೇ ಭಯ. ಮಗಳಿಗೆ ಕೊಟ್ಟದ್ದು ಮದುವೆಯಾದ ಕ್ಷಣ ಅಳಿಯನ ಕೈಗೆ, ಅಲ್ಲಿಂದ ಅವನ ಸಾಲಗಾರರ ಕೈಗೆ. 1837ರಲ್ಲಿ ಬ್ಯಾಂಕುಗಳು ಮುಗ್ಗರಿಸಿ ಹತ್ತಿ ಬೆಲೆ ಬಿದ್ದಾಗ ಎಷ್ಟೋ ಅಳಿಯಂದಿರು ರಾತ್ರೋರಾತ್ರಿ ಟೆಕ್ಸಾಸ್ ಕಡೆ ಓಡಿದರು. 1839ರಲ್ಲಿ ಮಿಸಿಸಿಪ್ಪಿ ರಾಜ್ಯ ಮದುವೆಯಾದ ಹೆಂಗಸಿನ ಆಸ್ತಿ ಅವಳದ್ದೇ ಅಂತ ಕಾನೂನು ಮಾಡಿತು. ಹೆಣ್ಣಿಗೆ ಹಕ್ಕು ಬಂತು ಅಂತ ಖುಷಿಪಡುವ ಹಾಗೂ ಇಲ್ಲ, ಆ ಕಾನೂನಿನ ಬಹುಭಾಗ ಹೆಂಡತಿಯ ಗುಲಾಮರು ಗಂಡನ ಸಾಲಕ್ಕೆ ಹೋಗದ ಹಾಗೆ ಕಾಯುವ ಮಾತೇ.

ನಮ್ಮಲ್ಲಿ ಆ ಭಯ ಬೇಡ. ಅಕ್ಕನ ಪಾಲು ಅಕ್ಕನದ್ದೇ. ಅವಳು ಜಾಮೀನು ಹಾಕದಿದ್ದರೆ ಆಯಿತು. 2005ರಲ್ಲಿ ಕಾನೂನು ತಿದ್ದಿ ಮಗಳಿಗೂ ಮಗನಷ್ಟೇ ಪಾಲು ಎಂದರು. 2020ರಲ್ಲಿ ಸುಪ್ರೀಂ ಕೋರ್ಟ್ ಅದು ಹುಟ್ಟಿನಿಂದಲೇ ಬಂದ ಹಕ್ಕು ಎಂದು ಸ್ಪಷ್ಟ ಮಾಡಿತು. ಬಿಟ್ಟುಕೊಡುವುದಾದರೆ ಅವಳಾಗಿ ಬಿಟ್ಟುಕೊಡಲಿ. ಹಬ್ಬಕ್ಕೆ ಕರೆದು, ಊಟ ಹಾಕಿ, ಕೈಗೆ ಪೆನ್ನು ಕೊಡುವುದು ಬೇಡ. ನನ್ನ ಪಾಲಿನ ಮಾತು ಆಮೇಲೆ ನೋಡೋಣ.

ಇನ್ನೊಂದು. ನಿಮ್ಮ ಕಾಗದದಲ್ಲಿ ಒಂದು ಸಾಲಿದೆ: "ಕೆರೆ ಪಕ್ಕದ ಬಿಡಾರ ಯಾರ ಪಾಲಿಗೆ ಎಂಬುದು ಇತ್ಯರ್ಥವಾಗಿಲ್ಲ." ಹೋದ ಭಾನುವಾರ ಡರಮ್ ಹತ್ತಿರದ ಸ್ಟ್ಯಾಗ್‌ವಿಲ್‌ಗೆ ಹೋಗಿದ್ದೆ. ಕ್ಯಾಮರನ್ ಮನೆತನದ ಆಸ್ತಿ ಅದು, 1860ರ ಹೊತ್ತಿಗೆ ಸುಮಾರು 30,000 ಎಕರೆ, 900 ಗುಲಾಮರು. ಅವರಿದ್ದ ಎರಡಂತಸ್ತಿನ ಮರದ ಮನೆಗಳು ಇನ್ನೂ ನಿಂತಿವೆ. ಕೋಣೆಗೊಂದು ಸಂಸಾರ. ಒಲೆಗೂಡಿನ ಇಟ್ಟಿಗೆ ಮೇಲೆ, ಹಸಿ ಇದ್ದಾಗ ಒತ್ತಿದ ಬೆರಳ ಗುರುತು ಹಾಗೇ ಇದೆ. ನನ್ನ ಬೆರಳು ಇಟ್ಟು ನೋಡಿದೆ. ನನ್ನದಕ್ಕಿಂತ ಸಣ್ಣದು. 1844ರಲ್ಲಿ ಪಾಲ್ ಕ್ಯಾಮರನ್ ಅಲಬಾಮಾದಲ್ಲಿ ಹತ್ತಿ ಜಮೀನು ಕೊಂಡು, ಇಲ್ಲಿಂದ ನೂರಕ್ಕೂ ಹೆಚ್ಚು ಜನರನ್ನು ಅಲ್ಲಿಗೆ ಸಾಗಿಸಿದ. ಯಾರ ಅಪ್ಪ, ಯಾರ ತಂಗಿ ಅಂತ ಕೇಳಿದವರಿಲ್ಲ.

ಅದೂ ಇದೂ ಒಂದೇ ಅಂತ ನಾನು ಹೇಳುತ್ತಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಆದರೆ ಬಿಡಾರದಲ್ಲಿ ನಮ್ಮ ತೋಟದಲ್ಲಿ ದುಡಿಯುವ ಗಿರಿಜಕ್ಕ ಇದ್ದಾರೆ, ಅವರ ಅತ್ತೆಯೂ ಅಲ್ಲೇ ಇದ್ದವರು. ಅದು ಯಾರ ಪಾಲಿಗೂ ಬೇಡ. ಪಾಲು ಪತ್ರ ಬರೆಯುವ ಮೊದಲೇ ಆ ಜಾಗ ಅವರ ಹೆಸರಿಗೆ ಮಾಡಿಸುವ ದಾರಿ ವಕೀಲರ ಹತ್ತಿರ ಕೇಳಿ. ಖರ್ಚು ನಾನು ಕೊಡುತ್ತೇನೆ. ಅಣ್ಣ ಗೊಣಗುತ್ತಾನೆ, ಗೊಣಗಲಿ.

ಚಿಕ್ಕಪ್ಪನಿಗೆ ರಾಜಕೀಯ ಬೇಕಲ್ಲ. 1858ರಲ್ಲಿ ಸೌತ್ ಕ್ಯಾರೊಲಿನಾದ ಹ್ಯಾಮಂಡ್ ಎಂಬ ಸೆನೆಟರ್ "ಹತ್ತಿಯೇ ರಾಜ", ನಮ್ಮನ್ನು ಯಾರೂ ಮುಟ್ಟಲಾರರು ಅಂತ ಭಾಷಣ ಬಿಗಿದ. 1860ರ ಡಿಸೆಂಬರ್‌ನಲ್ಲಿ ಅವನ ರಾಜ್ಯ ಒಕ್ಕೂಟ ಬಿಟ್ಟು ನಡೆಯಿತು. ಅಂತರ್ಯುದ್ಧ ನಡೆದು, ನಾಲ್ಕೈದು ವರ್ಷಕ್ಕೆ ಗುಲಾಮಗಿರಿ ಸಮೇತ ಎಲ್ಲ ಮುಗಿಯಿತು. ತಮಾಷೆ ಅಂದರೆ, 1840ರ ದಶಕದಲ್ಲೇ ಕಂಪನಿ ಸರ್ಕಾರ ಈ ಸೀಮೆಯ ಬೆಳೆಗಾರರನ್ನು ಕರೆಸಿ ನಮ್ಮ ಧಾರವಾಡದ ಕಡೆ ನ್ಯೂ ಆರ್ಲಿಯನ್ಸ್ ಹತ್ತಿ ಬೀಜ ಹಾಕಿಸಿತ್ತು. ಇಲ್ಲಿ ಯುದ್ಧ ಶುರುವಾಗಿ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂತು. ಹುಬ್ಬಳ್ಳಿ ಮಾವನಿಗೆ ಹೇಳಿ, ಖುಷಿಪಡುತ್ತಾರೆ.

ಅಮ್ಮನಿಗೆ: ಊಟ ಚೆನ್ನಾಗಿಯೇ ಮಾಡುತ್ತಿದ್ದೇನೆ. ಇಲ್ಲಿ ರಸ್ತೆ ಬದಿಯಲ್ಲಿ ಬೇಯಿಸಿದ ಕಡಲೆಕಾಯಿ ಸಿಗುತ್ತದೆ, ಉಪ್ಪು ಹಾಕಿ ಥೇಟ್ ನಮ್ಮದೇ. ಬೆಂಡೆಕಾಯಿ ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿಯುತ್ತಾರೆ. ಗ್ರಿಟ್ಸ್ ಅಂತ ಮೆಕ್ಕೆಜೋಳದ ಗಂಜಿಯೊಂದಿದೆ, ಅದಕ್ಕೆ ಉಪ್ಪಿನಕಾಯಿ ಹಾಕಿಕೊಂಡೆ, ಪಕ್ಕದವರು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ತೂಕ ಕಮ್ಮಿಯಾಗಿಲ್ಲ. ನಿದ್ದೆ ಬರುತ್ತದೆ. ಚಳಿ ಏನೂ ಇಲ್ಲ. ನಿಜಕ್ಕೂ ಏನೂ ತೊಂದರೆ ಇಲ್ಲ.

ನನ್ನ ಪರವಾಗಿ ಸಹಿ ಹಾಕಲು ಅಧಿಕಾರ ಕೊಡುವ ಜಿಪಿಎ ಪತ್ರ ಬೇಕಾದರೆ ಕರಡು ಕಳಿಸಿ, ಇಲ್ಲಿ ದೃಢೀಕರಿಸಿ ಕೊಡುತ್ತೇನೆ. ಅದು ಊರಿಗೆ ಬಂದು ಮೂರು ತಿಂಗಳೊಳಗೆ ಸ್ಟ್ಯಾಂಪ್ ಹಾಕಿಸಬೇಕು, ಮರೆಯಬೇಡಿ. ಪಾಲು ಗುರುತಿಸುವ 11ಇ ಸರ್ವೆ ನಕ್ಷೆಗೆ ಈಗಲೇ ಅರ್ಜಿ ಕೊಡಿ, ಸರ್ವೆಯವರು ಬರುವಷ್ಟರಲ್ಲಿ ಮಳೆಗಾಲ ಬರುತ್ತದೆ. ಪಹಣಿ ಪ್ರತಿ ವಾಟ್ಸಾಪ್ ಮಾಡಲು ಅಣ್ಣನಿಗೆ ಹೇಳಿ. ಅಂಚೆಯವನ ವ್ಯಾನ್ ಬಂತು, ನಿಲ್ಲಿಸುತ್ತೇನೆ. ಅಕ್ಕನಿಗೆ ಈ ಕಾಗದ ತೋರಿಸಿದರೂ ಪರವಾಗಿಲ್ಲ. ಹುಡುಗನ ಜಾತಕದ ಮಾತು ಮುಂದಿನ ಕಾಗದದಲ್ಲಿ.

ಇತಿ,
ನಿಮ್ಮ ಪುಟ್ಟಿ