ಮಾವನ ಕಾಯಿಲೆಯ ಬಗ್ಗೆ ಅಮ್ಮನಿಗೆ

ಅಮ್ಮನಿಗೆ ನಮಸ್ಕಾರಗಳು. ನಾನು ಕ್ಷೇಮ. ಮಾವನ ಕೈಯಿಂದ ಪೆನ್ನು ಜಾರುತ್ತಿದೆ, ವೈದ್ಯರು ಎಎಲ್‌ಎಸ್ ಎಂಬ, ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ ಎಂದಿದ್ದಾರೆ ಎಂದು ಬರೆದಿದ್ದೀಯ. ಅದನ್ನು ಓದಿದ ಮೇಲೆ ಪತ್ರದ ಉಳಿದ ಸಾಲುಗಳು ತಲೆಗೆ ಹತ್ತಲಿಲ್ಲ. ನನ್ನ ಸಂಶೋಧನೆಗೂ ಇದಕ್ಕೂ ಸಂಬಂಧವಿದೆಯೇ ಎಂದು ಕೇಳಿದ್ದೀಯ. ಇದೆ ಅಮ್ಮ, ಪ್ರೋಟೀನುಗಳು ಕೋಶಕೇಂದ್ರದೊಳಗೆ ಹೇಗೆ ಸಾಗುತ್ತವೆ ಎಂಬುದೇ ನನ್ನ ಸಂಶೋಧನೆ. ಮಾವನಿಗೂ ಓದಿ ಹೇಳು.

ಜೀವಕೋಶದ ಡಿಎನ್‌ಎ ಇರುವುದು ಕೋಶಕೇಂದ್ರದೊಳಗೆ, ಪ್ರೋಟೀನುಗಳು ತಯಾರಾಗುವುದು ಹೊರಗೆ. ಒಳಗೆ ಕೆಲಸವಿರುವ ಪ್ರೋಟೀನು ಕೇಂದ್ರದ ಪೊರೆಯಲ್ಲಿರುವ ರಂಧ್ರಗಳನ್ನು ದಾಟಬೇಕು. ಸಣ್ಣವು ತಾವೇ ನುಸುಳುತ್ತವೆ. ಸುಮಾರು 40 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ) ಮೀರಿದವಕ್ಕೆ ಅದು ಸಾಧ್ಯವಾಗದು. ಅಂಥವುಗಳ ಸರಪಳಿಯಲ್ಲೇ ಲೈಸಿನ್, ಆರ್ಜಿನಿನ್ ಎಂಬ ಅಮೈನೋ ಆಮ್ಲಗಳು ತುಂಬಿದ ಪುಟ್ಟ ತುಣುಕೊಂದು ವಿಳಾಸದಂತೆ ಇರುತ್ತದೆ. ಇಂಪೋರ್ಟಿನ್ ಎಂಬ ಸಾಗಣೆ ಪ್ರೋಟೀನು ಅದನ್ನು ಗುರುತಿಸಿ, ಹಿಡಿದು ಒಳಗೆ ಕರೆದೊಯ್ಯುತ್ತದೆ. ಅಲ್ಲಿ ಜಿಟಿಪಿ ಎಂಬ ಸಣ್ಣ ಅಣುವನ್ನು ಹೊತ್ತ ರಾನ್ ಎಂಬ ಪ್ರೋಟೀನು ಬಂದು ಅಂಟಿಕೊಂಡಾಗ ಇಂಪೋರ್ಟಿನ್ ಹಿಡಿತ ಬಿಡುತ್ತದೆ.

ಇಲ್ಲಿ ಪ್ರೊಫೆಸರನ್ನು ವಿದ್ಯಾರ್ಥಿಗಳೂ ಹೆಸರು ಹಿಡಿದೇ ಕರೆಯುತ್ತಾರೆ. ಆದರೆ ಕೆಲಸದಲ್ಲಿ ಅವರಷ್ಟು ಕಟ್ಟುನಿಟ್ಟಿನವರನ್ನು ನಾನು ಕಂಡಿಲ್ಲ. ಕತ್ತಲೆ ಕೋಣೆಯ ಸೂಕ್ಷ್ಮದರ್ಶಕದಲ್ಲಿ, ಹಸಿರಾಗಿ ಹೊಳೆಯುವ ಪ್ರೋಟೀನಿಗೆ ಆ ತುಣುಕನ್ನು ಜೋಡಿಸಿ ನೋಡುತ್ತೇವೆ. ಮೊದಲು ಕೋಶವೆಲ್ಲ ಮಸುಕು ಹಸಿರು. ನೋಡನೋಡುತ್ತಿದ್ದಂತೆ ಸುತ್ತಲೂ ಕಪ್ಪಾಗಿ, ನಡುವಿನ ಕೇಂದ್ರವೊಂದೇ ಬೆಳಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ತೃಪ್ತಿಯಿಲ್ಲ.

ಈಗ ಮಾವನ ವಿಷಯ. ಟಿಡಿಪಿ-43 ಎಂಬ ಪ್ರೋಟೀನು ನರಕೋಶದ ಕೇಂದ್ರದೊಳಗೆ ಇರಬೇಕಾದದ್ದು. ಎಎಲ್‌ಎಸ್ ಬಂದವರಲ್ಲಿ ಬಹುತೇಕ ಎಲ್ಲರಲ್ಲೂ ಅದು ಕೇಂದ್ರದಿಂದ ಕಾಣೆಯಾಗಿ ಹೊರಗೆ ಗಂಟುಗಟ್ಟಿರುತ್ತದೆ. ಇದು ತಿಳಿದದ್ದು 2006ರಲ್ಲಿ. ಸಾಗಣೆ ಕೆಟ್ಟದ್ದರಿಂದ ಗಂಟಾಯಿತೋ, ಗಂಟಾದದ್ದರಿಂದ ಸಾಗಣೆ ಕೆಟ್ಟಿತೋ ಎಂಬ ಚರ್ಚೆ ನಡೆದೇ ಇದೆ. ನಾನು ಹುಡುಕುತ್ತಿರುವುದೂ ಅದನ್ನೇ. ಕಳುಹಿಸಲು ನನ್ನ ಕೈಯಲ್ಲಿ ಔಷಧಿ ಇಲ್ಲ ಅಮ್ಮ. ವೈದ್ಯರು ಕೊಟ್ಟಿರುವ ರಿಲುಜೋಲ್ ರೋಗವನ್ನು ಸ್ವಲ್ಪ ನಿಧಾನಗೊಳಿಸುತ್ತದೆ, ತಪ್ಪಿಸಬೇಡಿ. ಪೂರ್ತಿ ಗುಣಪಡಿಸುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಉಸಿರಾಟ, ನುಂಗುವಿಕೆ ಎರಡನ್ನೂ ಆಗಾಗ ಪರೀಕ್ಷಿಸಲು ವೈದ್ಯರನ್ನು ಕೇಳಿ.

ಮಕ್ಕಳಿಗೂ ಬರುತ್ತದೆಯೇ ಎಂದು ಅತ್ತೆ ಅಳುತ್ತಿದ್ದಾರಂತೆ. ಸುಮಾರು 90% ರೋಗಿಗಳ ಮನೆತನದಲ್ಲಿ ಈ ಕಾಯಿಲೆ ಮೊದಲು ಇರುವುದಿಲ್ಲ. ನಮ್ಮಲ್ಲೂ ಯಾರಿಗೂ ಇರಲಿಲ್ಲ. ಅತ್ತೆಗೆ ಧೈರ್ಯ ಹೇಳು. ಸ್ಟೀಫನ್ ಹಾಕಿಂಗ್‌ಗೆ 1963ರಲ್ಲಿ ಈ ರೋಗವೆಂದು ತಿಳಿದರೂ 2018ರವರೆಗೆ ಬದುಕಿ ಕೆಲಸ ಮಾಡಿದರು. ನಮ್ಮ ಮಾವ ಗಟ್ಟಿ ಮನುಷ್ಯ. ನಾನು ಚೆನ್ನಾಗಿ ಊಟ, ನಿದ್ದೆ ಮಾಡುತ್ತಿದ್ದೇನೆ, ಚಳಿಗೂ ಒಗ್ಗಿದ್ದೇನೆ, ನನ್ನ ಚಿಂತೆ ಬೇಡವೇ ಬೇಡ.

ಸೂಕ್ಷ್ಮದರ್ಶಕದ ಸರದಿ ಬಂತು, ಕರೆಯುತ್ತಿದ್ದಾರೆ. ಮಾವನ ವರದಿಗಳ ಫೋಟೋ ತೆಗೆದು ಇವತ್ತೇ ಕಳುಹಿಸು. ಅಪ್ಪನಿಗೆ ನಮಸ್ಕಾರ.

ನಿನ್ನ ಮಗಳು