ಚಾರ್ಲಿ ಹಾಕಿದ ಚೈನು

ಪುಟ್ಟಿ,

ನಿನ್ನ ಹುಡುಗನ ಮಾತಿಗೆ ಕಾರು ಮಾರಿದೆ ಅಂತ ನೀನು ಹೇಳಿದ ಆ ಭಾನುವಾರ ಊಟದ ಮೇಜಿನ ಹತ್ತಿರ ಆದ ಜಗಳವನ್ನು ಮತ್ತೆ ಬರೆಯುವುದಿಲ್ಲ. ನೀನೂ ಇದ್ದೆ, ನಾನೂ ಇದ್ದೆ. ಅಮ್ಮ ನಿನಗೆಂದು ಕಟ್ಟಿಟ್ಟ ಹೋಳಿಗೆ ಡಬ್ಬಿ ಹಾಗೇ ಉಳಿಯಿತು, ಅಷ್ಟು ಮಾತ್ರ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಮಾತಿಗೆ ಮಾತು ಬೆಳೆದರೆ ನನ್ನ ನಾಲಗೆ ಗಡುಸಾಗುತ್ತದೆ, ಮಗಳ ಹತ್ತಿರ ಆಡುತ್ತಿದ್ದೇನೆ ಅನ್ನುವುದೇ ಮರೆತುಹೋಗುತ್ತದೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ಎಲ್ಲಾದರೂ ತೊಡಕಾದರೆ ಅಮ್ಮನಿಗೆ ಫೋನ್ ಮಾಡಿ ಕೇಳು.

"ಇದೆಲ್ಲ ಆ ರಕ್ತ ಕುಡಿಯುವವನ ಪುಸ್ತಕ ಓದಿದ್ದರ ಫಲ" ಅಂದೆ ನಾನು. "ಅದರಲ್ಲಿ ಒಂದು ಪುಟ ಓದಿದೀಯಾ ಅಪ್ಪ?" ಅಂತ ನೀನು ಕೇಳಿದೆ. ಓದಿರಲಿಲ್ಲ. ಈಗ ಓದಿದ್ದೇನೆ. ನಿನ್ನ ಕೋಣೆಯ ಕಪಾಟಿನ ಕೆಳಗಿನ ಖಾನೆಯಲ್ಲಿ ಟ್ವೈಲೈಟ್ ಕಾದಂಬರಿಯ ನಾಲ್ಕೂ ಪುಸ್ತಕ ಇದ್ದವು. ಎರಡು ಕೈ ಕೆಂಪು ಸೇಬು ಹಿಡಿದಿರುವ ಕಪ್ಪು ರಕ್ಷಾಪುಟದ ಮೊದಲನೆಯದು ಬೆನ್ನು ಬಿಟ್ಟಿದೆ, ಎಷ್ಟು ಸಲ ಓದಿದೆಯೋ. ನಾಲ್ಕೂ ಸೇರಿ ಎರಡು ಸಾವಿರಕ್ಕೂ ಹೆಚ್ಚು ಪುಟ. ಮೂರು ವಾರ, ರಾತ್ರಿ ಅಮ್ಮ ಮಲಗಿದ ಮೇಲೆ ಅಡುಗೆಮನೆಯ ದೀಪದಲ್ಲಿ ಕೂತು ಓದಿದೆ.

ಪುಸ್ತಕದ ಮೇಲೆ ತಪ್ಪು ಹೊರಿಸಿದ್ದು ನನ್ನ ತಪ್ಪು. ಕ್ಷಮಿಸು. ಅದನ್ನು ಬರೆದ ಸ್ಟೆಫನಿ ಮೇಯರ್, ಮೂರು ಗಂಡುಮಕ್ಕಳ ತಾಯಿ, 2003ರ ಜೂನ್‌ನಲ್ಲಿ ಒಂದು ಕನಸು ಕಂಡು ಎದ್ದು, ಮನೆಗೆಲಸ ಮಕ್ಕಳ ಕೆಲಸದ ನಡುವೆ ಬರೆಯಲು ಕೂತಳು ಅಂತ ಹದಿಮೂರರಲ್ಲಿ ನೀನು ಎಷ್ಟು ಆಸೆಯಿಂದ ಹೇಳುತ್ತಿದ್ದೆ. ನಾನು ರೇಡಿಯೋದ ಟ್ರಾಫಿಕ್ ಸುದ್ದಿ ಕೇಳುತ್ತಿದ್ದೆ.

ಆದರೆ ಓದುವಾಗ ಹೆದರಿದೆ, ಅದನ್ನೂ ಮುಚ್ಚಿಡುವುದಿಲ್ಲ. ನಮ್ಮ ಕಡೆ ಒಂದು ಕಾಲಕ್ಕೆ ಬಾಗಿಲ ಮೇಲೆ ಸುಣ್ಣದಲ್ಲಿ "ನಾಳೆ ಬಾ" ಅಂತ ಬರೆಯುತ್ತಿದ್ದರು. ರಾತ್ರಿ ಬಂದ ದೆವ್ವ ಅದನ್ನು ಓದಿ ಹಿಂದಕ್ಕೆ ಹೋಗುತ್ತದೆ, ಮಾರನೆಯ ದಿನವೂ ಅದೇ ಓದುತ್ತದೆ. ಹೊಸ್ತಿಲ ಮಾತಿಗೆ ದೆವ್ವವೂ ಬೆಲೆ ಕೊಡುತ್ತಿತ್ತು. ಈ ರಕ್ತ ಕುಡಿಯುವ ಎಡ್ವರ್ಡ್‌ಗೆ ಯಾರೂ ಬಾ ಅಂದಿರಲಿಲ್ಲ. ರಾತ್ರಿ ಹೊತ್ತು ಕಿಟಕಿಯಿಂದ ಬಂದು, ತಾನು ಪ್ರೀತಿಸುವ ಹುಡುಗಿ ಬೆಲ್ಲಾ ಮಲಗಿರುವುದನ್ನು ನೋಡುತ್ತಾ ಕೂರುತ್ತಾನೆ. ಅದೇ ಮನೆಯಲ್ಲಿ ಅವಳ ಅಪ್ಪ ಚಾರ್ಲಿ, ಊರಿನ ಪೊಲೀಸ್ ಮುಖ್ಯಸ್ಥ, ಅವನಿಗೇ ಗೊತ್ತಿಲ್ಲ. ಅದು ಓದಿದ ರಾತ್ರಿ ಎದ್ದು ಹೋಗಿ ನಿನ್ನ ಖಾಲಿ ಕೋಣೆಯ ಕಿಟಕಿಯ ಚಿಲಕ ನೋಡಿ ಬಂದೆ.

ಎರಡನೆಯ ಪುಸ್ತಕದಲ್ಲಿ ಅವನು ಬಿಟ್ಟುಹೋದ ಮೇಲೆ ಬರೀ ತಿಂಗಳ ಹೆಸರಿರುವ ಪುಟಗಳಿವೆಯಲ್ಲ. ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ. ಬೆಲ್ಲಾಗೆ ಆ ನಾಲ್ಕು ತಿಂಗಳು ಖಾಲಿ. ಚಾರ್ಲಿಗೆ ಖಾಲಿಯಲ್ಲ. ಮಗಳು ನಿದ್ದೆಯಲ್ಲಿ ಕಿರುಚಿಕೊಳ್ಳುವುದನ್ನು ಕೇಳುತ್ತಾ ಅವನು ಒಂದೊಂದು ರಾತ್ರಿಯನ್ನೂ ಕಳೆದಿದ್ದಾನೆ.

ಇನ್ನು ಆ ಟ್ರಕ್. 2009ರ ಬೇಸಿಗೆ ರಜೆಯಲ್ಲಿ ನಿನ್ನ ಹಟಕ್ಕೆ, ಆ ಕಥೆ ನಡೆಯುವ ಊರು ಫೋರ್ಕ್ಸ್‌ಗೆ ಹೋದೆವಲ್ಲ. ದೋಣಿಯಲ್ಲಿ ಕಾರು ದಾಟಿಸಿ, ಪೋರ್ಟ್ ಏಂಜಲೀಸ್ ಬಳಸಿ, ಮರದ ದಿಮ್ಮಿ ಹೇರಿದ ಲಾರಿಗಳ ಹಿಂದೆ 101ನೇ ಹೆದ್ದಾರಿಯಲ್ಲಿ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಅಂತ ನೀನು ಓದಿ ಹೇಳಿದೆ. "ನಮ್ಮ ಆಗುಂಬೆಯಲ್ಲಿ ಅದರ ಎರಡರಷ್ಟು ಬೀಳುತ್ತೆ, ಇದು ನೋಡೋಕೆ ಇಷ್ಟು ದೂರ ಬರಬೇಕಿತ್ತಾ" ಅಂದೆ. ನೀನು ಸುಮ್ಮನಾದೆ. ಊರಿಗೆ ಬಂದರೆ ಮಾಹಿತಿ ಕೇಂದ್ರದ ಮುಂದೆ ಒಂದು ಹಳೆಯ ಕೆಂಪು ಷೆವರ್ಲೆ ಟ್ರಕ್ ನಿಲ್ಲಿಸಿದ್ದರು. ಕಾರು ನಿಲ್ಲುವುದಕ್ಕೆ ಮುಂಚೆಯೇ ನೀನು ಇಳಿದು ಓಡಿದೆ. ಅದರ ಬಾನೆಟ್ ಮೇಲೆ ಅಂಗೈ ಇಟ್ಟು ನಿಂತೆ. ನಮ್ಮ ಅಜ್ಜಿ ಕೊಟ್ಟಿಗೆಯಲ್ಲಿ ಹಸುವಿನ ಬೆನ್ನ ಮೇಲೆ ಕೈ ಇಡುತ್ತಿದ್ದ ಹಾಗೆ. ಫೋಟೋ ತೆಗಿ ಅಂದೆ. ನಾನು ಒಂದೇ ಫೋಟೋ ತೆಗೆದೆ, ಹೊತ್ತಾಯಿತು ಅಂತ ಕಾರು ಹತ್ತಿಸಿದೆ. ಆ ಫೋಟೋದಲ್ಲಿ ನಿನ್ನ ತಲೆ ಅರ್ಧ ಕತ್ತರಿಸಿದೆ.

ಆ ಟ್ರಕ್ ಏನು ಅಂತ ನನಗೆ ಗೊತ್ತಾದದ್ದು ಈಗ. ಅದು ಚಾರ್ಲಿ ಕೊಡಿಸಿದ್ದು. ವರ್ಷಗಟ್ಟಲೆ ದೂರವಿದ್ದ ಮಗಳು ಮನೆಗೆ ಬರುತ್ತಾಳೆ, ಅವನಿಗೆ ಮಾತು ಬರುವುದಿಲ್ಲ, ಸ್ನೇಹಿತನ ಹತ್ತಿರ ಹಳೆಯ ಗಾಡಿ ಕೊಂಡು ಅಂಗಳದಲ್ಲಿ ನಿಲ್ಲಿಸುತ್ತಾನೆ. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ರಸ್ತೆಯೆಲ್ಲ ಮಂಜುಗಡ್ಡೆ. ಗಾಡಿ ಒಂದು ಕಡೆಯೂ ಜಾರದೆ ಹೇಗೆ ಬಂತು ಅಂತ ಬೆಲ್ಲಾ ಶಾಲೆಯಲ್ಲಿ ಇಳಿದು ನೋಡಿದರೆ, ಚಕ್ರಕ್ಕೆ ಹಿಮದ ಚೈನು ಸುತ್ತಿದೆ. ಅವಳು ಏಳುವ ಮುಂಚೆ, ಎಷ್ಟು ಹೊತ್ತಿಗೆ ಎದ್ದನೋ, ಚಾರ್ಲಿ ಹಾಕಿದ್ದಾನೆ. ಹೇಳಿಯೂ ಇಲ್ಲ. ಬೆಲ್ಲಾಗೆ ಗಂಟಲು ಕಟ್ಟುತ್ತದೆ. ಅದೇ ಗಳಿಗೆಗೆ ಆ ವ್ಯಾನು ಜಾರಿಕೊಂಡು ಬರುತ್ತದೆ, ಎಡ್ವರ್ಡ್ ಅವಳನ್ನು ಉಳಿಸುತ್ತಾನೆ, ಆಮೇಲೆ ಎಲ್ಲರೂ ಮಾತಾಡುವುದು ಅವನ ಬಗ್ಗೆಯೇ. ನಾನು ಆ ಚೈನಿನ ಹತ್ತಿರವೇ ನಿಂತುಬಿಟ್ಟೆ, ಪುಟ್ಟಿ. ಪುಟ ತಿರುಗಿಸಲು ಆಗಲಿಲ್ಲ.

ಮೂರನೆಯ ಪುಸ್ತಕದಲ್ಲಿ ಅವಳು ತೋಳಮನುಷ್ಯನಾಗುವ ಗೆಳೆಯ ಜೇಕಬ್‌ನನ್ನು ನೋಡಲು ಕಡಲ ದಡದ ಲಾ ಪುಶ್‌ಗೆ ಹೊರಡುತ್ತಾಳೆ. ಅದೇ ಟ್ರಕ್ಕು. ಕೀ ತಿರುಗಿಸಿದರೆ ಇಂಜಿನ್ ಸದ್ದೇ ಇಲ್ಲ. ಪಕ್ಕದ ಸೀಟಿನಲ್ಲಿ ಕತ್ತಲಲ್ಲಿ ಎಡ್ವರ್ಡ್ ಕೂತಿದ್ದಾನೆ, ಇಂಜಿನ್ನಿನ ಒಂದು ಸಣ್ಣ ಭಾಗ ಕಿತ್ತು ಕೈಯಲ್ಲಿ ಹಿಡಿದಿದ್ದಾನೆ. ಬೈಯುವುದಿಲ್ಲ, ಹೊಡೆಯುವುದಿಲ್ಲ. ಮೆತ್ತಗೆ ಮಾತಾಡುತ್ತಾನೆ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಸರಿ ಮಾಡಿಕೊಡುತ್ತೇನೆ ಅನ್ನುತ್ತಾನೆ. ಅವಳು ಸಿಟ್ಟಿನಿಂದ ಒಳಗೆ ಹೋಗಿ ಕಿಟಕಿ ದಡಾರನೆ ಮುಚ್ಚುತ್ತಾಳೆ. ಸ್ವಲ್ಪ ಹೊತ್ತಿಗೆ ತಾನೇ ತೆರೆಯುತ್ತಾಳೆ.

ಆಮೇಲೆ ಅವನು ತಿದ್ದಿಕೊಂಡ, ಹೋಗಲು ಬಿಟ್ಟ ಅಂತ ನೀನು ಹೇಳುತ್ತೀಯ. ಹೌದು, ಓದಿದೆ. 1918ರ ಇನ್‌ಫ್ಲುಯೆಂಜಾದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಹುಡುಗ, ಇರುವ ಒಬ್ಬಳನ್ನೂ ಕಳೆದುಕೊಳ್ಳುವ ಹೆದರಿಕೆ ಅವನಿಗೆ. ನಿಜಕ್ಕೂ ಪ್ರೀತಿಸುತ್ತಾನೆ. ಅದಕ್ಕೇ ನನಗೆ ಭಯ. ಬರೀ ಕೆಟ್ಟವನಾಗಿದ್ದರೆ ಅವಳಿಗೆ ಅಂದೇ ತಿಳಿಯುತ್ತಿತ್ತು. ಮದುವೆಯ ಹೊತ್ತಿಗೆ ಟ್ರಕ್ ಸತ್ತುಹೋಗುತ್ತದೆ, ಅವನು ಕ್ಷಿಪಣಿ ಬಡಿದರೂ ಒಡೆಯದ ಗಾಜಿನ ಕಾರು ಕೊಡುತ್ತಾನೆ. ಚಾರ್ಲಿಯ ಸಂಬಳಕ್ಕೆ ಅಂಥದ್ದು ಎಲ್ಲಿ ಬರಬೇಕು.

ನೀನು ಕಾರು ಮಾರಿದೆ ಅಂದಾಗ ನಾನು ಏಕೆ ಹಾಗೆ ಕೂಗಾಡಿದೆ ಅಂತ ಈಗ ಅರ್ಥವಾಯಿತಾ? "ಆಸ್ಟಿನ್‌ನಲ್ಲಿ ಎರಡು ಕಾರು ಯಾಕೆ, ನಾನೇ ಬಿಡ್ತೀನಿ ಅಂತಾನೆ" ಅಂತ ನೀನು ಹೇಳಿದೆ. ಆ ಹುಡುಗ ಕೆಟ್ಟವನು ಅಂತ ನಾನು ಹೇಳುವುದಿಲ್ಲ. ಅಮ್ಮನ ಮೊಣಕಾಲು ನೋಡಿ ತಾನೇ ಕುರ್ಚಿ ತಂದುಕೊಟ್ಟ, ಮರೆತಿಲ್ಲ. ಆದರೆ ನೀನು ದೀಪಾವಳಿಗೆ ಬರಲಿಲ್ಲ. ಆ ಭಾನುವಾರ ನಮ್ಮನೆಯಲ್ಲಿದ್ದ ಎರಡು ಗಂಟೆಯಲ್ಲಿ ಎಲ್ಲಿದ್ದೀಯ ಅಂತ ನಾಲ್ಕು ಸಲ ಫೋನ್ ಬಂತು. ಕೇಳುವುದು ಪ್ರೀತಿಗೇ ಇರಬಹುದು. ಒಂದು ಬ್ಯಾಂಕ್ ಖಾತೆ ನಿನ್ನ ಹೆಸರಿನಲ್ಲಿ ಮಾತ್ರ ಇರಲಿ. ಅಲ್ಲಿ ಹೊಸ ಕೆಲಸ ಸಿಗುವವರೆಗೆ ಅಂತ ಒಬ್ಬರ ಕೈಗೆ ಎಲ್ಲ ಕೊಡಬೇಡ. ನಿನ್ನ ಸ್ನೇಹಿತೆಯರ ಫೋನಿಗೆ ಉತ್ತರ ಕೊಡು, ತಿಂಗಳಿಗೊಮ್ಮೆ ಒಬ್ಬಳೇ ಎಲ್ಲಿಗಾದರೂ ಹೋಗಿ ಬಾ, ಎಲ್ಲಿಗೆ ಅಂತ ಯಾರಿಗೂ ಲೆಕ್ಕ ಕೊಡದೆ. ಇಪ್ಪತ್ತೊಂಬತ್ತು ವರ್ಷದವಳಿಗೆ ಇದೆಲ್ಲ ಹೇಳಬೇಕಾ ಅಂತ ಅಮ್ಮ ಬೈದಳು. ಹೇಳದೆ ಇರಲಾರೆ.

ಆದರೆ ಮೊದಲು ಇಂಜಿನ್ ಭಾಗ ಕಿತ್ತವನು ನಾನೇ. ನಿನಗೆ ಹದಿನೇಳು. ಗೆಳತಿಯರ ಜೊತೆ ಸಮುದ್ರಕ್ಕೆ ಹೊರಟಿದ್ದೆ, ಕಾರಿನ ಕೀ ಎಲ್ಲಿ ಅಂತ ಇಡೀ ಮನೆ ಹುಡುಕಿದೆ. ನಾನೂ ಜೊತೆಗೆ ನಿಂತು ಸೋಫಾ ಕೆಳಗೆ ಹುಡುಕುವ ಹಾಗೆ ಮಾಡಿದೆ. ಕೀ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ನೀನು ಅಳುತ್ತಾ ಮಲಗಿದೆ, ಬೆಳಿಗ್ಗೆ ನಾನು, ಕೀ ಫ್ರಿಜ್ ಮೇಲೆ ಸಿಕ್ಕಿತು ಅಂದೆ. ನಂಬಿದೆಯೋ, ನಂಬಿದ ಹಾಗೆ ಮಾಡಿದೆಯೋ, ನಾನು ಇವತ್ತಿನವರೆಗೂ ಕೇಳಿಲ್ಲ. ನಿನ್ನ ಮೇಲಿನ ಪ್ರೀತಿಗೇ ಮಾಡಿದೆ. ಮೆತ್ತಗೆ ಮಾತಾಡಿ ಕೀ ಬಚ್ಚಿಡುವುದನ್ನು ಪ್ರೀತಿ ಅಂತ ನಿನಗೆ ತೋರಿಸಿಕೊಟ್ಟದ್ದು ಪುಸ್ತಕವಲ್ಲ. ನನ್ನ ಪುಟ್ಟಿ, ಅದಕ್ಕೆ ಕ್ಷಮೆ ಹೇಗೆ ಕೇಳಬೇಕೋ ತಿಳಿಯುತ್ತಿಲ್ಲ.

ಇನ್ನೊಂದು ನೆನಪು. ಲಾ ಪುಶ್‌ನ ಕಡಲತೀರದಲ್ಲಿ ಎಲ್ಲರೂ ತೋಳಮನುಷ್ಯರ ಕಥೆಯ ಜಾಗ ಅಂತ ಫೋಟೋ ತೆಗೆದುಕೊಳ್ಳುತ್ತಿದ್ದಾಗ, ನೀನು ಸುನಾಮಿ ಎಚ್ಚರಿಕೆಯ ಫಲಕ ನೋಡಿ "ಇಲ್ಲಿಯ ಜನ ಓಡೋದು ಎಲ್ಲಿಗೆ?" ಅಂದೆ. ಅಲ್ಲಿಯ ಮೂಲನಿವಾಸಿಗಳಾದ ಕ್ವಿಲಿಯೂಟ್ ಜನಕ್ಕಿದ್ದದ್ದು ಒಂದು ಚದರ ಮೈಲಿಯಷ್ಟು ನೆಲ, ಶಾಲೆ ಆಗ ಸಮುದ್ರದ ಅಂಚಿನಲ್ಲೇ ಇತ್ತು. 2012ರಲ್ಲಿ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಎತ್ತರದ ಜಾಗ ಅವರಿಗೆ ಕೊಡುವ ಕಾನೂನು ಬಂದಾಗ ಆ ಸುದ್ದಿ ಹಿಡಿದು ಕುಣಿದದ್ದು ನಮ್ಮನೆಯಲ್ಲಿ ನೀನೊಬ್ಬಳೇ. ಇವತ್ತು ನೀನು ಪ್ರವಾಹ ಬರುವ ಊರುಗಳ ನಕ್ಷೆ ಮಾಡುತ್ತೀಯ. ಎಲ್ಲರಿಗೂ ಓಡುವ ದಾರಿ ಹುಡುಕಿಕೊಡುವುದು ನನ್ನ ಮಗಳ ಕೆಲಸ ಅಂತ ನಾನು ಆಫೀಸಿನಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ, ನಿನ್ನೆದುರು ಒಮ್ಮೆಯೂ ಹೇಳಿಲ್ಲ.

ಕೊನೆಯ ಪುಸ್ತಕದಲ್ಲಿ ಚಾರ್ಲಿ, ಬೇಕಾದಷ್ಟೇ ಹೇಳು, ಹೆಚ್ಚು ಕೇಳುವುದಿಲ್ಲ ಅಂತ ಒಪ್ಪಿಕೊಳ್ಳುತ್ತಾನೆ, ಮಗಳು ಬಿಟ್ಟುಹೋಗದಿದ್ದರೆ ಸಾಕು ಅಂತ. ನಾನು ಅಷ್ಟು ದೊಡ್ಡ ಮನುಷ್ಯನಲ್ಲ, ಆದರೆ ಕಲಿಯುತ್ತೇನೆ.

ನನ್ನ ಹಳೇ ಕೊರೊಲ್ಲಾ ಕಾರನ್ನು ನಿನ್ನ ಹೆಸರಿಗೆ ಮಾಡಿಸಿದ್ದೇನೆ. ಟೈರು ಬ್ಯಾಟರಿ ಎರಡೂ ಹೊಸದು. ಬೇಡ ಅಂದರೆ ಇಲ್ಲೇ ಶೆಡ್ಡಿನಲ್ಲಿ ನಿಂತಿರುತ್ತದೆ. ಬೇಕು ಅಂದರೆ ನಾನೂ ಅಮ್ಮನೂ ಆಸ್ಟಿನ್‌ವರೆಗೆ ಓಡಿಸಿಕೊಂಡು ಬಂದು, ಎರಡು ಕೀಯನ್ನೂ ನಿನ್ನ ಕೈಗೇ ಕೊಟ್ಟು, ಕಾಫಿ ಕುಡಿದು ವಿಮಾನ ಹತ್ತುತ್ತೇವೆ. ಡಿಕ್ಕಿಯಲ್ಲಿ ಹಿಮದ ಚೈನು ಇಟ್ಟಿದ್ದೇನೆ. ಅಲ್ಲಿ ಹಿಮ ಬೀಳುವುದು ಅಪರೂಪ ಅಂತ ಗೊತ್ತು. ತೆಗೆಯಬೇಡ.

ಅಪ್ಪ