ಎಲ್ಲ ಸರಿಯಾಗಿದೆ ಅಂತ ತಂತಿ ಕೊಟ್ಟವರು

ಪ್ರಿಯ ಚಂದ್ರು,

ಹೋದ ವಾರ ನೀನು ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ, ಗೊತ್ತು. ಕೊನೆಯಲ್ಲಿ ಹೇಳುತ್ತೇನೆ. ಫೋನ್ ಮಾಡುವುದು ಬಿಟ್ಟು ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದಾನೆ ಅಂತ ಬೈಯಬೇಡ. ಫೋನಲ್ಲಿ ನೀನು ನನಗೆ ಮಾತಾಡಲು ಬಿಟ್ಟಿದ್ದು ಯಾವಾಗ? ಇಲ್ಲಿ ಸಾಕ್ಷಿಗಳಾದರೂ ಇದ್ದಾರೆ.

ನಮ್ಮ ಆಸ್ಪತ್ರೆಯ ಸ್ಟೋರ್ಸ್‌ಗೆ ಹೊಸ ಹುಡುಗರು ಬಂದಿದ್ದಾರೆ. ಹತ್ತು ನಿಮಿಷ ಏನಾದರೂ ಹೇಳಿ ಅಂದರು. ದಾಸ್ತಾನು, ಎಕ್ಸ್‌ಪೈರಿ ಅಂದರೆ ಆಕಳಿಸುತ್ತಾರೆ. ಯುದ್ಧದ ಕತೆ ಹೇಳೋಣ ಅಂತ ಮೆಸಪೊಟೇಮಿಯಾ ಹಿಡಿದು ಕೂತೆ. ಈಗಿನ ಇರಾಕ್. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಅಲ್ಲಿ ಹೋರಾಡಿದವರಲ್ಲಿ ಬಹುಪಾಲು ನಮ್ಮ ದೇಶದವರೇ. ಬ್ರಿಗೇಡ್ ರೋಡ್ ಮೂಲೆಯ ಸ್ಮಾರಕ ನೆನಪಿದೆಯಾ? ಅದು ಆ ಯುದ್ಧದಲ್ಲಿ ಸತ್ತ ಪಯೋನಿಯರ್ ಸೈನಿಕರದ್ದು, ಅಂದರೆ ಸೈನ್ಯಕ್ಕೆ ದಾರಿ ಮಾಡಿಕೊಡುತ್ತಿದ್ದವರದ್ದು. ನಿನಗೆ ಅದು ಬೇರೆ ಕಾರಣಕ್ಕೆ ನೆನಪಿರುತ್ತದೆ. ಹಳದಿ ಛತ್ರಿ. ನಾನು ಏನೂ ಹೇಳುವುದಿಲ್ಲ.

ಮೆಸಪೊಟೇಮಿಯಾದ ಬಂದರು ಬಸ್ರಾದಲ್ಲಿ ದೊಡ್ಡ ಹಡಗು ಬಂದು ನಿಲ್ಲಲು ಕಟ್ಟೆಯೇ ಇರಲಿಲ್ಲ ಮಾರಾಯ. ಬೊಂಬಾಯಿಯಿಂದ ಬಂದ ಹಡಗು ನದಿಯ ನಡುವೆ ಲಂಗರು ಹಾಕಿ ಕಾಯಬೇಕು. ಸಾಮಾನನ್ನು ನಾಡದೋಣಿಗೆ ಇಳಿಸಬೇಕು. ಅಲ್ಲಿಂದ ಮುಂದೆ ರೈಲಿಲ್ಲ, ರಸ್ತೆಯಿಲ್ಲ. ಇರುವುದು ಟೈಗ್ರಿಸ್ ನದಿ ಒಂದೇ. ಅದೂ ಆಳವಿಲ್ಲ, ಮರಳ ದಿಬ್ಬಕ್ಕೆ ಸ್ಟೀಮರ್ ಸಿಕ್ಕಿಕೊಳ್ಳುತ್ತದೆ. ಸ್ಟೀಮರ್‌ಗಳೋ ಬೆರಳೆಣಿಕೆ. ನಮ್ಮ ನದಿಗಳಲ್ಲಿ ಓಡುತ್ತಿದ್ದ ದೋಣಿಗಳನ್ನು ಸಮುದ್ರ ದಾಟಿಸಿ ಕಳಿಸಿದರು, ಎಷ್ಟೋ ದಾರಿಯಲ್ಲೇ ಮುಳುಗಿದವು. ಇನ್ನು ಒಂದು ದೋಣಿ ಇದ್ದರೆ ಅದರಲ್ಲಿ ಮೊದಲು ಏನು ಹೋಗುತ್ತದೆ ಹೇಳು? ಗುಂಡು, ಹಿಟ್ಟು, ಹೇಸರಗತ್ತೆ, ಅದಕ್ಕೆ ಮೇವು. ಬ್ಯಾಂಡೇಜು ಆಮೇಲೆ. ಹೇಸರಗತ್ತೆ ಇಳಿದ ಅದೇ ಡೆಕ್ಕಿನ ಮೇಲೆ, ತೊಳೆಯದೆ, ಗಾಯಾಳುಗಳನ್ನು ಮಲಗಿಸಿ ವಾಪಸು ಕಳಿಸುತ್ತಿದ್ದರು.

1915ರ ನವೆಂಬರ್‌ನಲ್ಲಿ ಬಾಗ್ದಾದ್ ಹತ್ತಿರ ಟೆಸಿಫಾನ್‌ನಲ್ಲಿ ಕಾಳಗ. ತಯಾರಿ ಇದ್ದದ್ದು ಕೆಲವು ನೂರು ಗಾಯಾಳುಗಳಿಗೆ. ಆದವರು ಸುಮಾರು 3,500. ನದಿಯವರೆಗೆ ಸಾಗಿಸಲು ಸ್ಪ್ರಿಂಗ್ ಇಲ್ಲದ ಗಾಡಿಗಳು. ಕುಲುಕಾಟ ತಡೆಯಲಾರದೆ ಸತ್ತವರ ಹೆಣವನ್ನೇ ದಿಂಬು ಮಾಡಿಕೊಂಡರಂತೆ. ಬಸ್ರಾ ಮುಟ್ಟಲು ಎರಡು ವಾರದ ಹತ್ತಿರ ಹಿಡಿಯಿತು. ಅಲ್ಲಿ ಕಾರ್ಟರ್ ಅನ್ನುವ ವೈದ್ಯ ಮೇಜರ್, ಮೆಜಿದಿಯೆ ಎಂಬ ಸ್ಟೀಮರ್ ಬರುವುದನ್ನು ನೋಡುತ್ತಾನೆ. ಬದಿಯಲ್ಲಿ ಹಗ್ಗ ಇಳಿಬಿಟ್ಟ ಹಾಗೆ ಕಾಣಿಸಿತಂತೆ. ಹತ್ತಿರ ಬಂದರೆ ಅದು ಹಗ್ಗವಲ್ಲ, ಒಣಗಿದ ಮಲ. ಎದ್ದು ಹೋಗಲಾರದವರನ್ನು ಅಷ್ಟು ಒತ್ತೊತ್ತಾಗಿ ತುಂಬಿದ್ದರು.

ಇಷ್ಟನ್ನು ಓದಿಯೂ ನಾನು ಊಟ ಮಾಡಿದೆ ಚಂದ್ರು. ಊಟ ಸೇರದ್ದು ಇನ್ನೊಂದನ್ನು ಓದಿದ ಮೇಲೆ. ಡಿಸೆಂಬರ್‌ನಲ್ಲಿ ಅಲ್ಲಿಂದ ಒಂದು ತಂತಿ ಹೋಯಿತು. ಗಾಯಾಳುಗಳ ಸ್ಥಿತಿ ತೃಪ್ತಿಕರ, ವೈದ್ಯಕೀಯ ವ್ಯವಸ್ಥೆ ಬಹಳ ಚೆನ್ನಾಗಿ ನಡೆಯಿತು ಅಂತ. ಬಾಯಿ ಬಿಟ್ಟ ಕಾರ್ಟರ್‌ಗೆ, ಬಂಧಿಸುತ್ತೇವೆ, ನೀನು ನೋಡಿಕೊಳ್ಳುವ ಆಸ್ಪತ್ರೆ ಹಡಗು ಕಿತ್ತುಕೊಳ್ಳುತ್ತೇವೆ ಅಂತ ಮೇಲಿನವರ ಬೆದರಿಕೆ. 1917ರಲ್ಲಿ ತನಿಖಾ ಆಯೋಗದ ವರದಿ ಹೊರಬಂದು, ಭಾರತದ ವ್ಯವಹಾರ ನೋಡುತ್ತಿದ್ದ ಲಂಡನ್ನಿನ ಮಂತ್ರಿ ಚೇಂಬರ್ಲಿನ್ ರಾಜೀನಾಮೆ ಕೊಟ್ಟ.

ಕುಂಬಳಕಾಯಿ ಕಳ್ಳ ಅಂದದ್ದು ಆ ಜನರಲ್‌ಗಳಿಗೆ. ನಾನ್ಯಾಕೆ ಹೆಗಲು ಮುಟ್ಟಿ ನೋಡಿಕೊಂಡೆ?

2021ರ ಮೇ. ಆಗ ನಾನಿದ್ದ ಜಾಗ ನಿನಗೆ ಗೊತ್ತು, ಇಲ್ಲಿ ಹೆಸರು ಬೇಡ. ದಿನಾ ಸಂಜೆ ಆರಕ್ಕೆ ಆಕ್ಸಿಜನ್ ಎಷ್ಟಿದೆ ಅಂತ ಮೇಲೆ ಕಳಿಸಬೇಕು. ಒಂದು ಸಂಜೆ 11 ಸಿಲಿಂಡರ್ ಉಳಿದಿದ್ದವು. ಲಾರಿ ಎಲ್ಲಿದೆಯೋ, ಡ್ರೈವರ್ ಫೋನ್ ಎತ್ತುತ್ತಿಲ್ಲ. ಸುಮ್ನೆ ಗಾಬರಿ ಹುಟ್ಟಿಸಬೇಡ ಅಂದರು ನಮ್ಮವರು. ನಾನು ‘ಸಾಕಷ್ಟಿದೆ’ ಅಂತ ಟೈಪ್ ಮಾಡಿ ಕಳಿಸಿದೆ. ನನಗೆ ಯಾರೂ ಬಂಧನದ ಬೆದರಿಕೆ ಹಾಕಿರಲಿಲ್ಲ.

ರಾತ್ರಿ ಮೂರೂವರೆಗೆ ಲಾರಿ ಬಂತು. ಏನೂ ಆಗಲಿಲ್ಲ. ನಿನಗೂ ಹಾಗೇ ಹೇಳಿದ್ದೆ, ನಗುತ್ತಾ ಹೇಳಿದ್ದೆ. ಆದರೆ ಆ ‘ಏನೂ ಆಗಲಿಲ್ಲ’ ಅನ್ನುವುದೂ ನಾನೇ ಬರೆದ ರಿಪೋರ್ಟು ಅಲ್ವಾ? ಆ ರಾತ್ರಿ ನಾನು ಮೇಲೆ ವಾರ್ಡಿಗೆ ಹೋಗಿ ನೋಡಲೇ ಇಲ್ಲ. ಮಾರನೆಯ ದಿನವೂ ಯಾರನ್ನೂ ಕೇಳಲಿಲ್ಲ.

ಇಷ್ಟು ಬರೆಯುವ ಯೋಚನೆ ಇರಲಿಲ್ಲ. ಅಳಿಸೋಣ ಅಂದರೆ, ಅಳಿಸಿದರೆ ಮತ್ತೆ ಅದೇ ಕೆಲಸ ಆಗುತ್ತದೆ. ಇರಲಿ ಬಿಡು. ಅಂದಹಾಗೆ ಆ ಹತ್ತು ನಿಮಿಷದ ಭಾಷಣ ನಲವತ್ತು ನಿಮಿಷ ಆಯಿತು. ಹುಡುಗರಲ್ಲಿ ಇಬ್ಬರು ಮಲಗಿದ್ದರು. ಒಬ್ಬ ಕಾಫಿ ಯಾವಾಗ ಸಾರ್ ಅಂತ ಕೇಳಿದ. ಸ್ಟೋರ್ಸ್‌ಗೆ ಸರಿಯಾದ ಹುಡುಗ.

ನನ್ನ ಶುಗರ್ ಎಷ್ಟಿದೆ ಅಂತ ಕೇಳಿದ್ದೆಯಲ್ಲ. ತೃಪ್ತಿಕರವಾಗಿದೆ.

ನಿನ್ನ,
ಛತ್ರಿ ಹಿಡಿದವನು